ಮಗುವಿಲ್ಲದ ಬಸಿರು

ಬಸಿರು ಇಳಿದ ಹೆಂಗಸಿನ ದುಃಖವನ್ನು ನಮ್ಮ ಮನೆಗಳು ಬಲ್ಲವು. ಹಿರಿಯರು ಬಂದು ಹತ್ತಿರ ಕುಳಿತು, ತಲೆ ಸವರಿ, ನಾಲ್ಕು ಮಾತಾಡಿ ಹೋಗುವರು. ಆದರೆ ಕಳೆದುಹೋದುದು ಮಗುವೇ ಅಲ್ಲವೆಂದು ವೈದ್ಯರು ಹೇಳಿದ ಮೇಲೆ ಅವಳು ಯಾರಿಗಾಗಿ ಅಳತಕ್ಕದ್ದು?

ನನ್ನ ತಂಗಿಯ ಮಗಳಿಗೆ ಒದಗಿದ ಸ್ಥಿತಿ ಇದೇ. ಮುಟ್ಟು ನಿಂತಿತ್ತು, ವಾಂತಿಯಾಗುತ್ತಿತ್ತು, ಪರೀಕ್ಷೆಯೂ ಬಸಿರೆಂದೇ ತೋರಿಸಿತು. ಸ್ಕ್ಯಾನಿಂಗಿನಲ್ಲಿ ಮಾತ್ರ ಶಿಶುವಿರಲಿಲ್ಲ. ಮಾಸು ಆಗಬೇಕಾಗಿದ್ದುದು ದ್ರಾಕ್ಷಿಯ ಗೊಂಚಲಿನಂತೆ ನೀರುಗುಳ್ಳೆಗಳಾಗಿ ಬೆಳೆದಿತ್ತು. ಇದಕ್ಕೆ ಮೋಲಾರ್ ಗರ್ಭವೆಂದು ಹೆಸರು. ಗರ್ಭ ನಿಲ್ಲುವ ಗಳಿಗೆಯಲ್ಲಿಯೇ ವರ್ಣತಂತುಗಳ ಜೋಡಣೆ ತಪ್ಪುವುದರಿಂದ ಹೀಗಾಗುತ್ತದೆ. 'ಏನು ತಿಂದಳೋ, ಏನು ಎತ್ತಿದಳೋ' ಎಂದು ಪಿಸುಗುಟ್ಟುವ ಬಂಧುಗಳಿಗೆ ಇದನ್ನು ತಿಳಿಸುವವರಾರು!

ಗರ್ಭಕೋಶವನ್ನು ಶುದ್ಧಿಮಾಡಿದ ಮೇಲೂ ಭಯ ತೀರಲಿಲ್ಲ. ಬಸಿರನ್ನು ಸಾರಿದ ಹಾರ್ಮೋನು ರಕ್ತದಲ್ಲಿ ಇಳಿಯುತ್ತಿದೆಯೇ ಎಂದು ವಾರವಾರವೂ ನೋಡಬೇಕು. ಅವಳ ಅಂಕಿಗಳು ಕೆಲವು ವಾರ ಇಳಿದು ಮತ್ತೆ ಸತತವಾಗಿ ಏರಿದವು. ಗಡ್ಡೆ ಉಳಿದು ಬೆಳೆಯುತ್ತಿತ್ತು. ಇಂತಹ ಗಡ್ಡೆಗಳಲ್ಲಿ ಅತ್ಯಂತ ಕ್ರೂರವಾದ ಕೋರಿಯೋಕಾರ್ಸಿನೋಮಾ ಹರಡಿದರೆ ಹಿಂದೆ ಸಾವೇ ಗತಿಯಾಗಿತ್ತು. 1956ರಲ್ಲಿ ಅಮೆರಿಕದ ಮಿನ್ ಚಿಯು ಲೀ, ರಾಯ್ ಹರ್ಟ್ಸ್ ಮೊದಲಾದವರು ಮೆಥೊಟ್ರೆಕ್ಸೇಟ್ ಔಷಧದಿಂದ ಅದು ಇಳಿಯುವುದನ್ನು ಪ್ರಕಟಿಸಿದರು. ಆ ಔಷಧವನ್ನು ರೂಪಿಸಿದ ಸಂಶೋಧಕರ ತಂಡಕ್ಕೆ ನಾಯಕರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು. ಇಂದು ಈ ರೋಗದವರಲ್ಲಿ ನೂರಕ್ಕೆ 90ಕ್ಕೂ ಮೇಲ್ಪಟ್ಟು ಗುಣಹೊಂದುತ್ತಾರೆ. ನಮ್ಮ ಹುಡುಗಿಯೂ ಅದೇ ಚುಚ್ಚುಮದ್ದಿನಿಂದ ಗುಣವಾದಳು.

ದೇಹದ ಮಾತಾಯಿತು. ಗಂಡನು ಸಂಭಾವಿತನೇ, ಪ್ರತಿ ವಾರದ ಅಂಕಿಯನ್ನು ಬರೆದಿಟ್ಟು, ಅದು ಇಳಿದಾಗಲೆಲ್ಲ ಹಿಗ್ಗುತ್ತಿದ್ದನು. ಅವಳಿಗಾದರೋ, ಅಂಕಿ ಇಳಿದಷ್ಟೂ ತನ್ನ ಬಸಿರಿನ ಕೊನೆಯ ಗುರುತು ಅಳಿದಂತೆ! 'ದೊಡ್ಡಮ್ಮಾ, ಅವರು ಸಂತೋಷಪಟ್ಟರೆ ನನಗೆ ಮೈಯುರಿಯುತ್ತದೆ' ಎಂದಳು. ಔಷಧ ಮುಗಿದ ಮೇಲೆ ಒಂದು ವರ್ಷ ಬಸಿರಾಗಕೂಡದೆಂದು ವೈದ್ಯರ ಕಟ್ಟಪ್ಪಣೆ. ಬೇಗ ಸಿಹಿಸುದ್ದಿ ಕೊಡಬೇಕೆಂದು ಅತ್ತೆಯ ಒತ್ತಾಯ. ನೋಯಿಸಿಯೇನೆಂದು ಗಂಡನು ದೂರ ಮಲಗಿದರೆ, ತನ್ನ ಮೈ ಅವನಿಗೆ ಹೇಸಿಗೆಯಾಗಿದೆಯೆಂದು ಅವಳು ತಿಳಿದಳು. ಇಬ್ಬರೂ ಬಾಯಿ ಬಿಡಲಿಲ್ಲ. ಓದುಬರಹ ಬಲ್ಲ ಮನೆಗಳಲ್ಲಿ ಈ ಮೌನವೇ ಹೆಚ್ಚೆಂದು ನನ್ನ ಎಣಿಕೆ.

ಕಡೆಗೊಂದು ರಾತ್ರಿ ಅವಳೇ, 'ನೀವು ಹೆಸರು ಯೋಚಿಸಿದ್ದಿರಾ?' ಎಂದು ಕೇಳಿದಳಂತೆ. ಅವನು ಎರಡು ಹೆಸರು ಹೇಳಿ ಅತ್ತನಂತೆ. ಯಾವ ಹೆಸರುಗಳೆಂದು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.