ನಿತ್ಯಲೇಖನಕ್ಕೊಂದು ಹೊತ್ತಗೆ

ಶಾಯಿ ತುಂಬುವ ಪೆನ್ನಿನಿಂದ ದಿನವೂ ಬರೆಯುವವನು ಎಂತಹ ಹೊತ್ತಗೆಯನ್ನು ಆರಿಸಿಕೊಳ್ಳಬೇಕು ಎಂಬುದು ಮೇಲುನೋಟಕ್ಕೆ ಕೇವಲ ಅಂಗಡಿಯ ಮಾತು. ನೀತಿವಿಚಾರಗಳಿಗೆ ಮೀಸಲಾದ ಪುಟಗಳಲ್ಲಿ ಅದಕ್ಕೇನು ಪ್ರಸಕ್ತಿ ಎಂದು ವಾಚಕರು ಕೇಳಿದರೆ ಅದು ಸಹಜವೇ. ಆದರೆ ಪಾಂಡವಪುರದ ಬೆಲ್ಲದ ಮಂಡಿಯಲ್ಲಿ ನಲವತ್ತು ವರ್ಷ ಕುಳಿತು, ಹಗಲು ಕಿರ್ದಿಯನ್ನೂ ಇರುಳು ದಿನಚರಿಯನ್ನೂ ಬರೆದುಕೊಂಡು ಬಂದ ನನಗೆ ಆ ಪ್ರಶ್ನೆ ಎಂದೂ ಹಗುರವಾಗಿ ಕಂಡಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಅವುಗಳಲ್ಲಿ ಒಂದಾಗಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ಹೇಳುತ್ತದೆ. ನಾಲಿಗೆಯ ಸುಳ್ಳು ಸಾಲದೆಂಬಂತೆ ಲೇಖನಿಯ ಸುಳ್ಳಿಗೂ ಪ್ರತ್ಯೇಕ ಹೆಸರಿಟ್ಟು ಎಚ್ಚರಿಸಿದ ಆಚಾರ್ಯರು ಶ್ರಾವಕರ ವ್ಯವಹಾರವನ್ನು ಹತ್ತಿರದಿಂದ ಬಲ್ಲವರಾಗಿದ್ದರೆಂದು ನಾನು ಭಾವಿಸುತ್ತೇನೆ.

ಕಾಗದ ಅಗ್ಗವಾಗುವ ಮೊದಲು ನಮ್ಮ ನಾಡಿನಲ್ಲಿ ವರ್ತಕರೂ ಶಾನುಭೋಗರೂ ಲೆಕ್ಕ ಬರೆಯುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಅಡ್ಡಡ್ಡ ಮಡಿಕೆ ಹಾಕಿದರೆ ಕಡತ ಸಿದ್ಧ. ಆ ಕಪ್ಪು ನೆಲದ ಮೇಲೆ ಬಳಪದಿಂದ ಬಿಳಿಯ ಅಕ್ಷರ. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು, ಮಾಸಿದರೆ ಮತ್ತೊಮ್ಮೆ ಸರಿ ಬಳಿಯಬಹುದು. ಅಂಗಡಿಯ ಹೊತ್ತುಹೊತ್ತಿನ ಲೆಕ್ಕಕ್ಕೆ ಇದಕ್ಕಿಂತ ಮಿತವ್ಯಯದ ಸಾಧನ ಇನ್ನೊಂದಿರಲಾರದು. ಇಂದು ಸರ್ಕಾರಿ ಕಚೇರಿಗಳಲ್ಲಿ ಫೈಲನ್ನು ಕಡತವೆಂದು ಕರೆಯುತ್ತಾರೆ. ಒರೆಸಬಹುದಾದ ವಸ್ತುವಿನ ಹೆಸರು ಒರೆಸಬಾರದ ದಾಖಲೆಗೆ ಬಂದು ಕುಳಿತಿರುವುದನ್ನು ಕಂಡಾಗಲೆಲ್ಲ ನನಗೆ ಸಣ್ಣ ನಗು ಬರುತ್ತದೆ.

ಓಲೆಗರಿಯ ದಾರಿ ಬೇರೆ. ಅಲ್ಲಿ ಮಸಿ ಎರಡನೆಯ ಕೆಲಸ; ಮೊದಲು ಕಬ್ಬಿಣದ ಕಂಟದಿಂದ ಗರಿಯನ್ನು ಕೊರೆಯಬೇಕು, ಆಮೇಲೆ ಕಾಡಿಗೆ ತೀಡಿ ಅಕ್ಷರವನ್ನು ಕಾಣಿಸಬೇಕು. ಕೊರೆದದ್ದನ್ನು ಅಳಿಸುವ ಉಪಾಯವಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂದರೆ ಅಷ್ಟು ಗರಿಗಳ ಮೇಲೆ ಅಷ್ಟು ಕೈಗಳು ಅಷ್ಟು ಎಚ್ಚರದಿಂದ ಕೊರೆದಿವೆ ಎಂದೇ ಅರ್ಥ. ವೀರಸೇನಾಚಾರ್ಯರ ಧವಲಾ ಟೀಕೆಯು ಮೂಡಬಿದಿರೆಯ ಬಸದಿಯಲ್ಲಿ ಹೊಯ್ಸಳರ ಕಾಲದ ಓಲೆಗಳ ಮೇಲೆ ಉಳಿದುಬಂದು, 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾಗಿ ಹೊರಬಂದಿತು. ಶತಮಾನಗಳ ಕಾಲ ಬಾಳಿದ ಆ ಗರಿಗಳ ಮುಂದೆ ನಮ್ಮ ಕಾಗದವೆಲ್ಲ ನಿನ್ನೆ ಮೊನ್ನೆಯದು. ಕಳೆದ ಶತಮಾನದ ಬಹುಪಾಲು ಕಾಗದಕ್ಕೆ ರಾಳ ಮತ್ತು ಸ್ಫಟಿಕದ ಪಾಕ ಹಾಕುತ್ತಿದ್ದುದರಿಂದ ಅದರಲ್ಲಿ ಆಮ್ಲ ಉಳಿದು, ಐವತ್ತು ವರ್ಷಗಳಲ್ಲಿ ಹಳದಿಗಟ್ಟಿ, ಮಡಿಸಿದರೆ ಮುರಿಯುವಂತಾಗುತ್ತದೆ. ನನ್ನ ತಂದೆಯವರ ಕಾಲದ ಖಾತಾವಹಿಗಳನ್ನು ತೆರೆದು ನೋಡಿದರೆ ಬಟ್ಟೆಯ ಕೆಂಪು ರಟ್ಟು ಗಟ್ಟಿಯಾಗಿದೆ, ಒಳಗಿನ ಹಾಳೆ ಹಪ್ಪಳವಾಗಿದೆ.

ಇನ್ನು ಹಾಳೆಯ ಗುಣಕ್ಕೆ ಬರೋಣ. ಬಾಲ್‌ಪೆನ್ನಿನ ಶಾಯಿ ಗಟ್ಟಿ ಎಣ್ಣೆಯಂಥದ್ದು. ಅದು ಎಂತಹ ಕಾಗದದ ಮೇಲೂ ನಿಲ್ಲುತ್ತದೆ. ಫೌಂಟನ್ ಪೆನ್ನಿನ ಶಾಯಿ ಬಹುಪಾಲು ನೀರು. ಕಾಗದವೋ ಸ್ವಭಾವತಃ ನಾರಿನ ಹಾಸು; ನೀರು ಸಿಕ್ಕಿದರೆ ಬತ್ತಿಯಂತೆ ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಕಾರ್ಖಾನೆಯಲ್ಲಿ ಹಾಳೆಗೆ ಗಂಜಿಯನ್ನೋ ಬೇರೆ ಬಗೆಯ ಪಾಕವನ್ನೋ ಉಣಿಸುತ್ತಾರೆ. ಆ ಪಾಕ ಕಡಿಮೆಯಾದರೆ ಅಕ್ಷರದ ಅಂಚು ಬೇರುಬಿಟ್ಟಂತೆ ಹರಡುತ್ತದೆ, ಹಿಂಬದಿಗೆ ಚುಕ್ಕೆ ಚುಕ್ಕೆಯಾಗಿ ಇಳಿಯುತ್ತದೆ. ಅತಿಯಾದರೆ ಶಾಯಿ ಒಣಗುವುದೇ ಇಲ್ಲ. ಪುಟ ತಿರುವಿದಾಗ ಎದುರು ಪುಟಕ್ಕೆ ಮುದ್ರೆ ಬೀಳುತ್ತದೆ. ದಪ್ಪ ಕಾಗದವಾದರೆ ಸಾಕೆಂದು ಅಂಗಡಿಯವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಜಪಾನಿನ ಟೊಮೊಯೆ ರಿವರ್ ಎಂಬ ಕಾಗದ ಚದರ ಮೀಟರಿಗೆ 52 ಗ್ರಾಂ ತೂಗುವ ಈರುಳ್ಳಿ ಸಿಪ್ಪೆಯಂತಹ ಹಾಳೆ. ಆದರೂ ಅದರಲ್ಲಿ ಶಾಯಿ ಹರಡುವುದಿಲ್ಲ. ಆದರೆ ನೆರಳು ಹಿಂಬದಿಗೆ ಕಾಣುತ್ತದೆ, ಒಣಗಲು ಬಹಳ ಹೊತ್ತು ಬೇಕು. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಕಿರ್ದಿ ಬರೆಯುವವನಿಗೆ ಅದು ಸಲ್ಲದು. ನಮ್ಮಂಥವರಿಗೆ 70ರಿಂದ 80 ಗ್ರಾಂ ತೂಕದ, ನುಣುಪಾದ, ಆದರೆ ಗಾಜಿನಂತೆ ಹೊಳೆಯದ ಹಾಳೆ ಲೇಸು.

ಪರೀಕ್ಷೆ ಸುಲಭ. ಒಂದೇ ಒಂದು ಪುಸ್ತಕವನ್ನು ಮೊದಲು ಕೊಂಡು, ಕಡೆಯ ಪುಟದಲ್ಲಿ ನಿಮ್ಮದೇ ಪೆನ್ನಿನಿಂದ ನಾಲ್ಕು ಸಾಲು ಬರೆಯಿರಿ, ಒಂದು ಚುಕ್ಕೆಯನ್ನು ತುಸು ಹೊತ್ತು ಒತ್ತಿ ಹಿಡಿಯಿರಿ, ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಹಾಳೆಯ ಮೂಲೆಯನ್ನು ನಾಲಿಗೆಗೆ ಮುಟ್ಟಿಸಿ ಪಾಕವನ್ನು ಅಳೆಯುವ ಹಳೆಯ ಕಾಗದದ ವರ್ತಕರ ರೂಢಿ ನಮಗೆ ಹೇಳಿಸಿದ್ದಲ್ಲ. ಜ್ಞಾನೋಪಕರಣಕ್ಕೆ ಎಂಜಲು ಸೋಕಿಸುವುದು ಜ್ಞಾನಾವರಣೀಯ ಕರ್ಮಕ್ಕೆ ಕಾರಣವೆಂದು ಮನೆಯ ಹಿರಿಯರು ಕಲಿಸಿದ್ದಾರೆ. ಬೆರಳ ತುದಿಯಿಂದ ಒಂದು ಹನಿ ನೀರು ಇಟ್ಟರೆ ಅದೇ ಉತ್ತರ ದೊರೆಯುತ್ತದೆ: ಹನಿ ಮಣಿಯಂತೆ ನಿಂತರೆ ಪಾಕ ಇದೆ, ಕೂಡಲೇ ಕಪ್ಪಿಟ್ಟು ಇಂಗಿದರೆ ಇಲ್ಲ.

ನಮ್ಮ ಜಿಲ್ಲೆಯವರಿಗೆ ಕಾಗದ ದೂರದ ವಸ್ತುವೇನೂ ಆಗಿರಲಿಲ್ಲ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಕಬ್ಬು ಬಂತು; 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಎಂಬ ಕಾರ್ಖಾನೆ ಕಬ್ಬಿನ ಸಿಪ್ಪೆಯನ್ನು ಕಾಗದವಾಗಿಸಿತು. ನಮ್ಮ ಆಲೆಮನೆಗಳ ನೆರೆಯಲ್ಲೇ, ರಸ ಹಿಂಡಿ ಬಿಟ್ಟ ಸಿಪ್ಪೆಯ ಮೇಲೆ ಅಕ್ಷರ ಮೂಡುವುದೆಂದರೆ ನನ್ನಂತಹ ಬೆಲ್ಲದ ವ್ಯಾಪಾರಿಗೆ ಅದೊಂದು ಬಗೆಯ ಅಭಿಮಾನ. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಈಗ ಸಿಪ್ಪೆಯ ಕಾಗದ ಬೇಕೆಂದರೆ ತಮಿಳುನಾಡಿನ ಕರೂರಿನ ಕಡೆಯಿಂದ ಬರುವ ಟಿ.ಎನ್.ಪಿ.ಎಲ್. ಕಾಗದವನ್ನು ಕೇಳಿ ಕೊಳ್ಳುತ್ತೇನೆ. ಸಿಪ್ಪೆಯ ನಾರು ಗಿಡ್ಡ. ಆದುದರಿಂದ ಹಾಳೆ ಒತ್ತಾಗಿ ಕೂಡಿಕೊಂಡು ಮೈ ನುಣುಪಾಗುತ್ತದೆ. ನನ್ನ ಅನುಭವದಲ್ಲಿ ಶಾಯಿಗೆ ಅದು ಚೆನ್ನಾಗಿ ಒಗ್ಗಿದೆ. ಮರ ಕಡಿಯದೆ ದೊರೆಯುವ ಕಾಗದವೆಂದು ಅದನ್ನು ಹೊಗಳುವವರಿಗೆ ಒಂದು ಮಾತು ಹೇಳಬೇಕು: ಸಿಪ್ಪೆ ಎಸೆಯುವ ಕಸವಲ್ಲ. ಆಲೆಮನೆಯಲ್ಲಿ ಅದೇ ಒಲೆಯ ಉರುವಲು, ಕಾರ್ಖಾನೆಯಲ್ಲಿ ಅದೇ ಬಾಯ್ಲರಿನ ಉರುವಲು. ಅದನ್ನು ಕಾಗದಕ್ಕೆ ಕೊಟ್ಟರೆ ಒಲೆಗೆ ಇನ್ನೇನನ್ನೋ ಹಾಕಬೇಕು. ಏಕೇಂದ್ರಿಯ ಜೀವದ ಹಿಂಸೆ ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪದು. ಕಡಿಮೆ ಮಾಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

ತ್ರಸಜೀವಿಗಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಚರ್ಮದ ಹೊದಿಕೆಯ ದಿನಚರಿಗಳನ್ನು ಹೊಸವರ್ಷದ ಉಡುಗೊರೆಯಾಗಿ ಜೈನ ವರ್ತಕರೇ ಜೈನ ವರ್ತಕರಿಗೆ ಕೊಡುವುದನ್ನು ಕಂಡಿದ್ದೇನೆ. ಚರ್ಮ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೂ ಇದೆ. ಯುರೋಪಿನ ಹಳೆಯ ಕೈಕಾಗದಕ್ಕೆ ಉಣಿಸುತ್ತಿದ್ದ ಪಾಕ ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದ ಜೆಲಟಿನ್. ಚಿತ್ರ ಬರೆಯುವ ಕೆಲವು ಬೆಲೆಬಾಳುವ ಕಾಗದಗಳಿಗೆ ಇಂದಿಗೂ ಅದನ್ನೇ ಬಳಸುತ್ತಾರೆ. ನಮ್ಮ ದೇಶದ ಕಾಗದದವರು ಗಂಜಿ ಬಳಿದು ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ಈಗಿನ ನೋಟ್ ಪುಸ್ತಕಗಳ ಹಾಳೆಗೆ ಸಾಮಾನ್ಯವಾಗಿ ಗಂಜಿ ಅಥವಾ ರಾಸಾಯನಿಕ ಪಾಕವೇ ಇರುವುದರಿಂದ ಅಷ್ಟರಮಟ್ಟಿಗೆ ನಿಶ್ಚಿಂತೆ. ಬೈಂಡಿನ ಅಂಟನ್ನು ಮಾತ್ರ ವಿಚಾರಿಸಬೇಕು. ಹಳೆಯ ಪದ್ಧತಿಯ ಸರೇಸು ಪ್ರಾಣಿಜನ್ಯ. ಪುಟದ ಗುರುತಿಗೆ ಇಡುವ ರೇಷ್ಮೆ ಪಟ್ಟಿಗೆ ಬದಲು ಹತ್ತಿಯ ದಾರ ಸಾಕು. ಹಿಂದಿನ ಪೆನ್ನುಗಳಲ್ಲಿ ರಬ್ಬರಿನ ಚೀಲವನ್ನು ಅಂಟಿಸುತ್ತಿದ್ದುದು ಅರಗಿನಿಂದ. ಅರಗು ಹುಳುವಿನಿಂದ ಬರುವುದು. ಈಗಿನ ಪೆನ್ನುಗಳಲ್ಲಿ ಆ ಚೀಲ ಅಪರೂಪ. ಇಷ್ಟೆಲ್ಲ ಕೇಳಿದರೆ ಅಂಗಡಿಯವರು ಬೇಸರಿಸುತ್ತಾರೆ ನಿಜ. ಆಹಾರದ ಪೊಟ್ಟಣದ ಹಸಿರು ಚುಕ್ಕೆಯನ್ನು ಹುಡುಕುವವರು ಪುಸ್ತಕದ ಬೆನ್ನನ್ನೂ ಒಮ್ಮೆ ತಿರುಗಿಸಿ ನೋಡಬಾರದೇಕೆ?

ಬೈಂಡಿನ ಮಾತು ಬಂದುದರಿಂದ, ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ನಾನು ಬಿ.ಕಾಂ. ಓದಿದವನೆಂಬ ಕಾರಣಕ್ಕೆ, ಒಂದು ಬಸದಿಯ ಆಡಳಿತ ಮಂಡಳಿಯವರು ಲೆಕ್ಕ ನೋಡಿಕೊಡಲು ಕರೆದರು. ಊರಿನ ಹೆಸರು ಇಲ್ಲಿ ಬೇಡ. ವೃದ್ಧ ಶ್ರಾವಿಕೆಯೊಬ್ಬರು ತಮ್ಮ ಯಜಮಾನರ ನೆನಪಿಗಾಗಿ ಶಾಶ್ವತ ಪೂಜಾನಿಧಿಗೆ ಹಣ ಕೊಟ್ಟಿದ್ದರು; ಆ ತಿಥಿಯಂದು ಪೂಜೆ ನಡೆಯದೆ ಹೋದಾಗ ವಿಚಾರಿಸಿದರು. ದಾನದ ಪುಸ್ತಕ ತಂತಿಸುರುಳಿಯ ಬೈಂಡಿನದು. ಆ ತಿಂಗಳಿನ ಹಾಳೆ ಅದರಲ್ಲಿ ಇರಲಿಲ್ಲ. ಯಾರಾದರೂ ತೆಗೆದರೋ, ತಾನಾಗಿ ಹರಿದು ಬಿತ್ತೋ, ಅಥವಾ ಅಂದು ಬರೆದೇ ಇರಲಿಲ್ಲವೋ, ಹೇಳಲು ಯಾವ ಗುರುತೂ ಇಲ್ಲ. ಸುರುಳಿಯಿಂದ ಒಂದು ಹಾಳೆ ಕಳಚಿದರೆ ಉಳಿದವು ಏನೂ ಆಗದಂತೆ ಕುಳಿತಿರುತ್ತವೆ. ಆ ತಾಯಿ ಶಾಂತವಾಗಿ, “ನಾನು ಕೊಟ್ಟಿದ್ದು ಸ್ವಾಮಿಗೆ, ಪುಸ್ತಕಕ್ಕಲ್ಲಪ್ಪ” ಎಂದರು. ಪೂಜೆಯನ್ನು ಮಂಡಳಿ ಮುಂದುವರಿಸಿತು. ಆದರೆ ಖಜಾಂಚಿಯಾಗಿದ್ದವರು, ನಾನು ಬಲ್ಲಂತೆ ಒಂದು ಬಿಡಿಕಾಸನ್ನೂ ಮುಟ್ಟದವರು, ಆ ವರ್ಷವೇ ಹುದ್ದೆ ಬಿಟ್ಟರು. ಯಾರೂ ಅವರನ್ನು ಎದುರಿಗೆ ಏನೂ ಅನ್ನಲಿಲ್ಲ. ಬೆನ್ನ ಹಿಂದಿನ ಮಾತಿಗೆ ಉತ್ತರ ಕೊಡಲು ಅವರ ಕೈಯಲ್ಲಿ ಹಾಳೆ ಇರಲಿಲ್ಲ. ಪಂಚಕಲ್ಯಾಣದ ಸಮಯದಲ್ಲೂ ಅವರು ಬಸದಿಯ ಹೊರಜಗಲಿಯಲ್ಲೇ ಕುಳಿತಿದ್ದುದನ್ನು ನಾನು ನೋಡಿದೆ.

ದಾರದಿಂದ ಹೊಲಿದ ಪುಸ್ತಕದಲ್ಲಿ ಹೀಗಾಗದು. ಅಲ್ಲಿ ಒಂದು ಹಾಳೆಯ ಮಗ್ಗುಲಿಗೆ ಇನ್ನೊಂದು ಹಾಳೆ ಒಂದೇ ಕಾಗದದ ಎರಡು ರೆಕ್ಕೆಗಳಂತೆ ಇರುತ್ತದೆ. ಒಂದನ್ನು ಕಿತ್ತರೆ ಮಡಿಕೆಯ ಆಚೆಗಿರುವ ಜೊತೆ ಹಾಳೆ ಸಡಿಲವಾಗಿ ಸಾಕ್ಷಿ ಹೇಳುತ್ತದೆ. ಪುಟಕ್ಕೆ ಮೊದಲೇ ಅಂಕೆ ಹಾಕಿದ್ದರೆ ಇನ್ನೂ ಗಟ್ಟಿ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗ್ರಂಥವು ಜಮಾಖರ್ಚಿನ ಜೋಡಿನಮೂದು ಪದ್ಧತಿಯನ್ನು ವಿವರಿಸುವಾಗ ಪುಟಗಳಿಗೆ ಅಂಕೆ ಹಾಕಿ, ವರ್ತಕರ ಅಧಿಕಾರಿಗಳ ಮುಂದೆ ಪುಸ್ತಕವನ್ನು ಒಪ್ಪಿಸಿ ಮುದ್ರೆ ಹಾಕಿಸಿಕೊಳ್ಳಬೇಕೆಂದು ಹೇಳಿದೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳು ಗಣಕದಲ್ಲಿ ಲೆಕ್ಕ ಬರೆಯುವಾಗ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಐನೂರು ವರ್ಷಗಳ ಅಂತರದಲ್ಲಿ ಎರಡೂ ಕೇಳುತ್ತಿರುವುದು ಒಂದನ್ನೇ: ಅಳಿಸಿದ್ದೂ ಕಾಣಬೇಕು. ಶಾಯಿಯ ಬರಹದಲ್ಲಿ ಇದು ತಾನಾಗಿ ಆಗುತ್ತದೆ. ಅಂಕೆ ತಪ್ಪಾದರೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ. ಹಳೆಯದು ಕೆಳಗೆ ಓದುವಂತೆಯೇ ಇರುತ್ತದೆ.

ಆದುದರಿಂದ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ದಾನದ ಪುಸ್ತಕಕ್ಕೂ ನಡವಳಿ ಪುಸ್ತಕಕ್ಕೂ ನಾಲ್ಕು ಕ್ವೈರಿನ, ಹೊಲಿಗೆ ಬೈಂಡಿನ ರಿಜಿಸ್ಟರನ್ನೇ ಕೊಳ್ಳಿರಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ತೊಳೆದರೆ ಹೋಗುವ ತಿಳಿನೀಲಿ ಶಾಯಿ ಮಕ್ಕಳ ಕಾಪಿ ಪುಸ್ತಕಕ್ಕೆ ಇರಲಿ. ದಾಖಲೆಗೆ ನೀರಿಗೆ ಕದಲದ ಶಾಯಿ ಬೇಕು. ಕಬ್ಬಿಣದ ಅಂಶವುಳ್ಳ ನೀಲಿಗಪ್ಪು ಶಾಯಿ ಗಾಳಿಗೆ ಒಡ್ಡಿಕೊಂಡಷ್ಟೂ ಕಪ್ಪಾಗುತ್ತದೆ. ಆದರೆ ಪೆನ್ನನ್ನು ಆಗಾಗ ತೊಳೆಯದಿದ್ದರೆ ನಾಲಗೆಯಲ್ಲಿ ಗಷ್ಟು ಕಟ್ಟುತ್ತದೆ.

ಸ್ವಂತ ದಿನಚರಿಯ ಮಾತು ಬೇರೆ. ಅಲ್ಲಿ ಸಾಕ್ಷಿ ಕೇಳುವವರು ಯಾರೂ ಇಲ್ಲ. ಸಂಜೆಯ ಸಾಮಾಯಿಕ ಮುಗಿದ ಮೇಲೆ ಒಂದು ಪುಟ ಬರೆಯುವುದು ನನ್ನ ರೂಢಿ. ಯಾರೊಡನೆ ಯಾವ ದರ ಮಾತಾಯಿತು, ಯಾವ ಮಾತಿಗೆ ಧ್ವನಿ ಏರಿತು, ಯಾವ ಗ್ರಂಥದಲ್ಲಿ ಎಷ್ಟು ಓದಿದೆ, ಇಷ್ಟೇ. ಪುಟದ ನೆತ್ತಿಯಲ್ಲಿ ವೀರನಿರ್ವಾಣ ಸಂವತ್ಸರ ಮತ್ತು ತಿಥಿ. ಇದಕ್ಕೆ ಸಾದಾ ಗೆರೆಯ 200 ಪುಟದ ಪುಸ್ತಕ ಸಾಕು. ಬೆಂಗಳೂರಿನಲ್ಲಿರುವ ಮಗ ಒಮ್ಮೆ ವಿದೇಶದ ನಾಲ್ಕು ಸುಂದರ ಹೊತ್ತಗೆಗಳನ್ನು ತಂದುಕೊಟ್ಟ. ಒಂದನ್ನು ಇಟ್ಟುಕೊಂಡು ಮೂರನ್ನು ಹಿಂದಿರುಗಿಸಿದೆ. “ಅಪ್ಪಾಜಿ, ಕಾಗದಕ್ಕೂ ಪರಿಗ್ರಹ ಪರಿಮಾಣವೇ?” ಎಂದು ನಕ್ಕ. ಅವನ ಮೇಜಿನ ಮೇಲೆ ಒಂದಕ್ಷರವೂ ಬೀಳದ ಹನ್ನೊಂದು ಪುಸ್ತಕಗಳನ್ನು ಎಣಿಸಿದ್ದೇನೆ. ಹಾಳೆ ಅಂದಗೆಡುತ್ತದೆಂದು ಬರೆಯಲು ಅಂಜುತ್ತಾನಂತೆ. ಸೂತ್ರಕಾರರು ಪರಿಗ್ರಹವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ ಇಟ್ಟಿದ್ದಾರೆಂದು ಅವನಿಗೆ ಹೇಳಿದೆ. ಈಗ ಒಂದರಲ್ಲಿ ಮನೆಖರ್ಚು ಬರೆಯುತ್ತಿದ್ದಾನೆಂದು ಸೊಸೆ ಹೇಳಿದಳು.

ಕಡೆಯದಾಗಿ ಕಾಪಿಡುವ ಕ್ರಮ. ಹಿನ್ನೀರಿನ ನೆರೆಯ ನಮ್ಮ ಊರುಗಳಲ್ಲಿ ಆಷಾಢದ ಗಾಳಿಗೆ ಹಾಳೆ ತೇವ ಹೀರುತ್ತದೆ. ಬೇಸಗೆಯಲ್ಲಿ ಚೆನ್ನಾಗಿದ್ದ ಕಾಗದವೇ ಆಗ ಶಾಯಿಯನ್ನು ಹರಡುತ್ತದೆ. ಬೈಂಡಿನ ಗಂಜಿಗೆ ಹುಳು ಬರುತ್ತದೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಬಂದ ಹುಳುವನ್ನು ಕೊಲ್ಲುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲೆಂದು ನಾನು ಬಜೆಯ ಚೂರನ್ನೂ ಒಣಗಿದ ಬೇವಿನ ಎಲೆಯನ್ನೂ ಕಪಾಟಿನಲ್ಲಿಡುತ್ತೇನೆ. ಶ್ರುತಪಂಚಮಿ ಬರುವುದು ಜ್ಯೇಷ್ಠ ಶುಕ್ಲದಲ್ಲಿ, ಮಳೆ ಹಿಡಿಯುವ ಮುನ್ನ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತುವಾಗ ಅವುಗಳ ಪಕ್ಕದಲ್ಲೇ ಟ್ರಸ್ಟಿನ ಲೆಕ್ಕದ ಪುಸ್ತಕಗಳನ್ನೂ ನೆರಳಿನಲ್ಲಿ ಬಿಡಿಸಿಟ್ಟು ಪುಟದ ಅಂಕೆಗಳನ್ನು ಒಂದೊಂದಾಗಿ ಎಣಿಸುವ ಪದ್ಧತಿಯನ್ನು ಮೇಲೆ ಹೇಳಿದ ಬಸದಿಯವರು ಆರಂಭಿಸಿದ್ದಾರೆ. ಕಳೆದ ಸಲ ಎಣಿಸಲು ಕುಳಿತವರಲ್ಲಿ ಆ ಹಿಂದಿನ ಖಜಾಂಚಿಯವರೂ ಇದ್ದರು.