ಬಾಗಿಲಲ್ಲಿ ತೊಳೆದ ಕೈ

ರೋಗಿಯನ್ನು ಕಾಣಲು ಹೋಗುವಾಗ ನೀವು ಏನನ್ನು ಕೊಂಡೊಯ್ಯುತ್ತೀರಿ? ನಾನು ತಿಕೋಟಾದ ದ್ರಾಕ್ಷಿಯನ್ನು ಕೊಂಡೊಯ್ದಿದ್ದೆ. ವಿಜಯಪುರ ನಗರದ ಆ ಮನೆಯ ಯಜಮಾನರಿಗೆ, ಬಬಲೇಶ್ವರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ತಮ್ಮದೊಂದು ಮೂತ್ರಪಿಂಡವನ್ನು ಕೊಟ್ಟು ಎಂಟು ತಿಂಗಳಾಗಿತ್ತು. ಬಾಗಿಲಲ್ಲೇ ನಾನು ಸ್ಯಾನಿಟೈಸರ್ ಹಚ್ಚಿಕೊಂಡೆ. ಅಕ್ಕ ಒಪ್ಪಲಿಲ್ಲ. “ಅದು ಸಾಲೂದಿಲ್ರೀ ಫಾದರ್. ಸಬಕಾರ ಹಚ್ಚಿ ಕೈ ತೊಳಕೊಂಡು ಬರ್ರಿ” ಎಂದರು.

ಅವರ ಮಾತು ವೈದ್ಯಶಾಸ್ತ್ರಕ್ಕೆ ಸಮ್ಮತವಾದುದೇ. ವಾಂತಿಭೇದಿ ತರುವ ನೊರೊವೈರಸ್ ಸ್ಯಾನಿಟೈಸರಿಗೆ ಸುಲಭವಾಗಿ ಮಣಿಯುವುದಿಲ್ಲ. ಸಾಬೂನು ಹಚ್ಚಿ, ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ನಮಗೆ ಎರಡು ಮೂರು ದಿನಗಳಲ್ಲಿ ತೀರುವ ಆ ಬಾಧೆ ಅಂಗ ಕಸಿಯಾದವರಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯಬಹುದು. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಅವರು ನಿತ್ಯ ಸೇವಿಸುವ ಔಷಧಗಳು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿರುತ್ತವೆ.

ಆದರೆ ಈ ತಮ್ಮನನ್ನು ಪೀಡಿಸಿದ ವೈರಾಣು ಅತಿಥಿಗಳ ಕೈಯಿಂದ ಬಂದುದಲ್ಲ. ಸೈಟೋಮೆಗಾಲೋವೈರಸ್ ಎಂಬುದು ನಮ್ಮ ದೇಶದ ಬಹುತೇಕ ವಯಸ್ಕರ ದೇಹದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಕಸಿಯ ನಂತರ ಕೆಲವು ತಿಂಗಳು ಕೊಡುವ ತಡೆಮಾತ್ರೆಗಳು ನಿಂತ ಮೇಲೆ ಅದು ಎಚ್ಚೆತ್ತು ಕರುಳಿನಲ್ಲಿ ಹುಣ್ಣುಗಳನ್ನು ಮಾಡಬಲ್ಲದು. ರಕ್ತಪರೀಕ್ಷೆಯಲ್ಲಿ ಕೆಲವೊಮ್ಮೆ ಸುಳಿವೇ ಸಿಗದು; ಕರುಳಿನೊಳಗೆ ದುರ್ಬೀನು ಇಳಿಸಿ ಚೂರು ತೆಗೆದು ನೋಡಬೇಕಾಗುತ್ತದೆ. ಇವರಲ್ಲಿಯೂ ಹಾಗೆಯೇ ಪತ್ತೆಯಾಯಿತು. ಗ್ಯಾನ್‌ಸಿಕ್ಲೋವಿರ್ ಚುಚ್ಚುಮದ್ದಿನಿಂದ ಗುಣ ಕಂಡಿತು.

ಇಲ್ಲಿ ನನ್ನ ತಪ್ಪನ್ನು ಹೇಳಲೇಬೇಕು. ಭೇದಿ ಆರಂಭವಾದಾಗ ಅಕ್ಕ ದೂರವಾಣಿಯಲ್ಲಿ ನನ್ನನ್ನು ಕೇಳಿದ್ದರು. “ಬಿಸಿಲ ಕಾಲವಲ್ಲವೇ, ಮಜ್ಜಿಗೆ ಅನ್ನ ಕೊಟ್ಟು ನಾಲ್ಕು ದಿನ ನೋಡಿ” ಎಂದುಬಿಟ್ಟೆ. ಗುರುಗಳ ಮಾತೆಂದು ಅವರು ಒಂಬತ್ತು ದಿನ ಕಾದರು! ಭೇದಿಯಲ್ಲಿ ನೀರು ಬತ್ತಿದರೆ ಮೂತ್ರಪಿಂಡ ಬಳಲುತ್ತದೆ. ಅದೇ ಹೊತ್ತಿಗೆ ಟ್ಯಾಕ್ರೋಲಿಮಸ್ ಎಂಬ ರಕ್ಷಕ ಔಷಧವೇ ರಕ್ತದಲ್ಲಿ ಮಿತಿಮೀರಿ ಏರಿ ಅದಕ್ಕೆ ಹಾನಿ ಮಾಡಬಹುದು. ಆಸ್ಪತ್ರೆ ಸೇರುವಾಗ ಅವರ ಕ್ರಿಯಾಟಿನಿನ್ ಏರಿತ್ತು. ಅಕ್ಕ ಕೊಟ್ಟ ಮೂತ್ರಪಿಂಡ ನನ್ನ ಮಜ್ಜಿಗೆಯ ಸಲಹೆಯಿಂದ ಹೋಗಿಬಿಡುತ್ತಿತ್ತು. ಹಾಗೆಂದು ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ದೇಹ ಅಂಗವನ್ನೇ ತಿರಸ್ಕರಿಸೀತು. ಕಸಿಯ ಔಷಧಗಳಲ್ಲೊಂದಾದ ಮೈಕೋಫಿನೋಲೇಟ್ ಕೂಡ ಭೇದಿಗೆ ಕಾರಣವಾಗಬಲ್ಲದು. ಇವುಗಳಲ್ಲಿ ಯಾವುದು ಎಂಬುದನ್ನು ಮೂತ್ರಪಿಂಡ ತಜ್ಞರೇ ನಿರ್ಧರಿಸಬೇಕು. ಔಷಧದಂಗಡಿಯವರೂ ಅಲ್ಲ, ಪಾದ್ರಿಯೂ ಅಲ್ಲ.

ಕೈ ತೊಳೆದು ಒಳಗೆ ಬಂದು ಕುಳಿತೆ. ತಮ್ಮ ಸೊರಗಿದ್ದರು, ಆದರೂ ನಗುತ್ತಿದ್ದರು. ಅಕ್ಕ ದ್ರಾಕ್ಷಿಯನ್ನು ಬಹಳ ಹೊತ್ತು ತೊಳೆದರು. ತಮ್ಮನಿಗೆ ಕೊಡಬಹುದೇ ಎಂದು ಈ ಸಲ ನನ್ನನ್ನು ಕೇಳಲಿಲ್ಲ. ವೈದ್ಯರಿಗೆ ದೂರವಾಣಿ ಮಾಡಿದರು.