ಬೋರಿನ ನೀರು ಕುಡಿದ ಕಾಂಟೆಸ್ಸಾ

ಮೇ ತಿಂಗಳ ಎರಡನೇ ವಾರ, ಮಧ್ಯಾಹ್ನ ಹನ್ನೆರಡೂವರೆ. ಸುಲೇಪೇಟ ದಾಟಿ ಚಿಂಚೋಳಿ ಕಡೆ ಹೊರಟಿದ್ದೆವು. ಸೋದರಮಾವನ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮ. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ಕೂಸಿನ ಕುಂಚಗಿ, ಅಂಗಿ ಇದ್ದ ಚೀಲ. ನಾವು ಅಂದರೆ ಅಣ್ಣ-ತಮ್ಮ ಇಬ್ಬರು ಮುಂದೆ. ವಾಡಿಯ ನಮ್ಮ ಮನೆಯಲ್ಲಿ ಒಬ್ಬರದು ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ, ಇನ್ನೊಬ್ಬನದು ಶಹಾಬಾದಿನಲ್ಲಿ ಪರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸ.

"ಅಣ್ಣಾ, ಹೊಗಿ ಬರ್ಲತ್ತದ. ಗಾಡಿ ಬಾಜೂಕ್ ಹಾಕು" ಅಂದ ತಮ್ಮ.

ಹೀಟ್ ಮೀಟರಿನ ಮುಳ್ಳು ಆಗಲೇ ಕೆಂಪು ಗೆರೆ ದಾಟಿತ್ತು. ನೋಡಿರಲಿಲ್ಲ. ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆವು. ತಮ್ಮ ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳ ತಿರುವಿದ. ಅರ್ಧ ಸುತ್ತು ತಿರುಗಿತೋ ಇಲ್ಲವೋ, ಕುದಿಯುವ ನೀರು ಕಾರಂಜಿಯ ಹಾಗೆ ಮೇಲೆ ಹಾರಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಅವನ ಬಲಗೈ ಬೆಂದಿತು.

ಊರಿಗೆ ಸುದ್ದಿ ಹೇಳುವವರು ನಾವು. ನಮ್ಮದೇ ತಪ್ಪಿನ ಸುದ್ದಿ ಬರೆಯಲು ಇಷ್ಟು ದಿನ ಬೇಕಾಯಿತು. ಟ್ರ್ಯಾಕ್ಟರ್, ಜೀಪು, ಟಂಟಂ, ಹಳೆ ಕಾರು ಇಟ್ಟುಕೊಂಡ ನಿಮಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇವೆ.

ಮೊದಲು ಗಾಡಿಯ ವಿಷಯ. ನಮ್ಮದು ಕಾಂಟೆಸ್ಸಾ ಕ್ಲಾಸಿಕ್, ಪೆಟ್ರೋಲಿನದು. ಇಂಗ್ಲೆಂಡಿನ ವಾಕ್ಸಾಲ್ ವಿಕ್ಟರ್ ಎಂಬ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ 1984ರಿಂದ ಇದನ್ನು ಮಾಡಿತು, 2002ಕ್ಕೆ ನಿಲ್ಲಿಸಿತು. ಮೊದಮೊದಲು ಅಂಬಾಸಿಡರಿನ ಸಣ್ಣ ಇಂಜಿನ್ನೇ ಇತ್ತು. ಆಮೇಲೆ ಜಪಾನಿನ ಇಸುಜು ಇಂಜಿನ್ ಬಂತು, 1817 ಸಿಸಿಯದು. ಉದ್ದನೆಯ ಬಾನೆಟ್, ಹಿಂದಿನ ಗಾಲಿಗೆ ಜೋರು, ಐದು ಗೇರು. ಖರೆ ಸ್ಪೋರ್ಟ್ಸ್ ಕಾರು ಸಿನಿಮಾದಲ್ಲಷ್ಟೇ ಕಾಣುತ್ತಿದ್ದ ಕಾಲದಲ್ಲಿ ನಮ್ಮಂಥ ಊರ ಹುಡುಗರ ಪಾಲಿಗೆ ಇದೇ ಸ್ಪೋರ್ಟ್ಸ್ ಕಾರು. ಸಿಮೆಂಟ್ ಕಾರ್ಖಾನೆಯ ಸಾಹೇಬರು ಇದರಲ್ಲಿ ಓಡಾಡುವಾಗ ನಾವು ಧೂಳು ಕುಡಿಯುತ್ತ ಸೈಕಲ್ಲಿನಲ್ಲಿ ಹಿಂದೆ ಓಡಿದವರು. ನಿವೃತ್ತರೊಬ್ಬರು ಮಾರುತ್ತಾರೆ ಅಂತ ತಿಳಿದಾಗ ಒಂದು ಹೊಸ ಬೈಕಿಗಿಂತ ಕಡಿಮೆ ದುಡ್ಡಿಗೆ ತಂದೆವು. ಸುದ್ದಿಗೆ ಇಷ್ಟು ಅಂತ ಸಿಗುವ ದುಡ್ಡಿನಲ್ಲಿ ಇದು ದೊಡ್ಡ ಹುಚ್ಚೇ. ಅವ್ವ ಆಗಲೇ ಹೇಳಿದ್ದಳು.

ಆ ದಿನ ರಸ್ತೆಯಲ್ಲಿ ತಲೆ ಓಡಿದ್ದು ಅವಳೊಬ್ಬಳದೇ. "ಗಾಡಿ ಹಾಳಾಗಿ ಹೋಗ್ಲಿ, ಮದಲ ಅವನ ಕೈ ನೋಡ್ರಿ" ಅಂದು, ಕುಡಿಯಲು ತಂದಿದ್ದ ಕ್ಯಾನಿನ ನೀರು ಪೂರ್ತಿ ಅವನ ಕೈ ಮೇಲೆ ಸಣ್ಣಗೆ ಬಿಟ್ಟಳು. ಹೊಲದಿಂದ ಬಂದ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು, ಅವಳು ಬ್ಯಾಡ ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದೂ ಅದನ್ನೇ: ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ನೀರು, ಆಮೇಲೆ ಆಸ್ಪತ್ರೆ, ಪೇಸ್ಟು, ಸುಣ್ಣ, ಎಣ್ಣೆ ಏನೂ ಹಚ್ಚಬಾರದು.

ನೀರು ಯಾಕೆ ಹಾಗೆ ಹಾರಿತು? ಮನೆಯ ಕುಕ್ಕರ್ ನೆನೆಸಿಕೊಳ್ಳಿ. ರೇಡಿಯೇಟರ್ ಮುಚ್ಚಳವೂ ಒಳಗಿನ ಒತ್ತಡ ಹಿಡಿದಿಡುತ್ತದೆ. ಒತ್ತಡ ಇದ್ದಾಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣಕ್ಕೆ ಅಷ್ಟೂ ನೀರು ಒಮ್ಮೆಲೇ ಕುದಿದು ಹೊರಗೆ ಹಾರುತ್ತದೆ. ಸೀಟಿ ಇಳಿಯದೆ ಕುಕ್ಕರ್ ತೆಗೆಯದ ನಾವು, ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಮಾತ್ರ ಕೈ ಹಾಕುತ್ತೇವೆ.

ಗಾಡಿಯನ್ನು ಲಾರಿಯ ಹಿಂದೆ ಕಟ್ಟಿಸಿ ವಾಡಿಗೆ ತಂದೆವು. ಒಂದು ಗ್ಯಾರೇಜಿನಲ್ಲಿ ಒಂಬತ್ತು ಸಾವಿರ ಕೇಳಿದರು. ನಾಲ್ಕು ದಿನ ಅಂಗಳದಲ್ಲಿ ನಿಂತಿತು. ಪಕ್ಕದ ಮನೆಯ ಕಾಕಾ ಬಂದು ನೋಡಿದರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು, ಉಗಿಬಂಡಿಯ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಬಾನೆಟ್ ಒಳಗೆ ಬಗ್ಗಿ ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಫ್ಯಾನು ಅವರ ಕೈಯಲ್ಲಿ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ವಾಟರ್ ಪಂಪ್ ಹೋಗ್ಯದ. ನೀರ್ ಯಾವ್ದು ಹಾಕ್ತೀರಪಾ ಇದಕ್ಕ?"

"ಬೋರಿಂದು, ಕಾಕಾ."

"ಅದಕ್ಕೇ" ಅಂದರು.

ಇಂಜಿನ್ನಿನ ಸುತ್ತ ನೀರು ಸುತ್ತಿಸುವುದು ವಾಟರ್ ಪಂಪಿನ ಕೆಲಸ. ನಮ್ಮ ಗಾಡಿಯಲ್ಲಿ ಅದು ಇಂಜಿನ್ನಿನ ಮುಂದೆಯೇ ಇದೆ, ಬೆಲ್ಟು ತಿರುಗಿಸುತ್ತದೆ, ಅದರ ಮೂಗಿಗೇ ಫ್ಯಾನ್ ಕೂತಿರುತ್ತದೆ. ಒಳಗೆ ರೆಕ್ಕೆಯ ಚಕ್ರ, ನಡುವೆ ದಂಡ, ದಂಡಕ್ಕೆ ಬೇರಿಂಗ್, ನೀರು ಬೇರಿಂಗಿಗೆ ಹೋಗದಂತೆ ಒಂದು ಸೀಲು. ಸೀಲು ಸವೆದರೆ ನೀರು ಹೊರಬರಲಿ ಅಂತ ಪಂಪಿನ ಹೊಟ್ಟೆಯ ಕೆಳಗೆ ಸಣ್ಣದೊಂದು ತೂತು ಬಿಟ್ಟಿರುತ್ತಾರೆ. ಆ ತೂತಿನಿಂದ ಹನಿ ಬಿತ್ತು ಅಂದರೆ ಪಂಪು ನಮಗೆ ಚೀಟಿ ಕಳಿಸಿದ ಹಾಗೆ. ನಮಗೆ ಒಂದು ತಿಂಗಳಿಂದ ಆ ಚೀಟಿ ಬರುತ್ತಿತ್ತು. ದಿನಾ ಬೆಳಿಗ್ಗೆ ಪರಸಿಯ ಮೇಲೆ ರೂಪಾಯಿಯಗಲ ಒದ್ದೆ. ನಾವು ಒಂದು ಚೊಂಬು ಬೋರಿನ ನೀರು ಸುರಿದು ಹೊರಡುತ್ತಿದ್ದೆವು.

ಬೋರಿನ ನೀರಿಗೆ ಏನಾಗಿದೆ? ನಮ್ಮ ಕಾಲ ಕೆಳಗಿರುವುದು ಸುಣ್ಣದಕಲ್ಲು. ಶಹಾಬಾದಿನ ಪರಸಿ ಅದೇ. ವಾಡಿಯಲ್ಲಿ 1968ರಿಂದ, ಆಮೇಲೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಸಿಮೆಂಟ್ ಆಗುತ್ತಿರುವುದೂ ಅದರಿಂದಲೇ. ಆ ಕಲ್ಲಿನೊಳಗೆ ಹಾದು ಬರುವ ನೀರು ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಕಾಯಿಸಿದಾಗ ಸುಣ್ಣ ಬೇರ್ಪಟ್ಟು ಬಿಳಿ ಹಕ್ಕಳೆಯಾಗಿ ಅಂಟುತ್ತದೆ. ಸ್ನಾನದ ಹಂಡೆಯ ಒಳಗೆ ಕೈ ಆಡಿಸಿ ನೋಡಿ, ಅದೇ. ಹಂಡೆಯನ್ನು ಅವ್ವ ಹುಣಸೆಹುಳಿ ಹಚ್ಚಿ ತಿಕ್ಕುತ್ತಾಳೆ. ಇಂಜಿನ್ನಿನ ಒಳಗೆ ಯಾರು ತಿಕ್ಕಬೇಕು? ಹಕ್ಕಳೆ ಕೂತಲ್ಲಿ ಶಾಖ ಹೊರಗೆ ಹೋಗುವುದಿಲ್ಲ. ಕಿತ್ತು ಬಂದ ಚೂರು ಮರಳಿನ ಹಾಗೆ ಸೀಲನ್ನು ಉಜ್ಜುತ್ತದೆ. ಬರೀ ನೀರಿನಲ್ಲಿ ತುಕ್ಕೂ ಹಿಡಿಯುತ್ತದೆ.

ಕಾಕಾ ತಮ್ಮ ಕಾಲದ ಮಾತು ತೆಗೆದರು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ಹಳಿ 1874ರಲ್ಲಿ ನಿಜಾಮರ ಕಾಲದಲ್ಲಿ ಬಿದ್ದದ್ದು. "ನಮ್ ಉಗಿ ಇಂಜಿನ್‌ಗೋಳು ನೀರಿಗಿ ಅಂಜ್ತಿದ್ವು. ಬಾಯ್ಲರ್ ತೊಳೆಯೋದೇ ಒಂದ್ ದೊಡ್ಡ ಕೆಲಸ. ನೀವ್ ನೋಡಿದ್ರ, ಹಳ್ಳಿ ನೀರ್ ಚಲೋ ಇಲ್ಲಂತ ಪೇಪರಿನ್ಯಾಗ ಬರೀತೀರಿ, ಅದೇ ನೀರ್ ತಂದು ಇದರಾಗ ಹಾಕ್ತೀರಿ."

ಮಾತು ನೆಟ್ಟಗೆ ನಾಟಿತು. ಗಡಸು ನೀರು, ಕೆಟ್ಟು ನಿಂತ ಶುದ್ಧ ನೀರಿನ ಘಟಕ ಅಂತ ಚಿತ್ತಾಪುರ, ಚಿಂಚೋಳಿ ಹಳ್ಳಿಗಳಿಂದ ನಾವು ಕಳಿಸಿದ ವರದಿ ಒಂದೆರಡಲ್ಲ.

ಪಂಪನ್ನು ಮನೆಯಲ್ಲೇ ಹಾಕೋಣ ಅಂತ ನಿಶ್ಚಯ ಮಾಡಿದೆವು. ಇದೇ ಇಸುಜು ಇಂಜಿನ್ ಅಂಬಾಸಿಡರ್ 1800ರಲ್ಲೂ ಇತ್ತು. ಆ ಹೆಸರು ಹೇಳಿದ ಮೇಲೆ ಹೈದರಾಬಾದಿನ ಒಂದು ಅಂಗಡಿಯಲ್ಲಿ ಪಂಪು ಸಿಕ್ಕಿತು. ತಮ್ಮನ ಕೈಗೆ ಪಟ್ಟಿ ಇತ್ತು. ಅವನು ಕುರ್ಚಿ ಹಾಕಿಕೊಂಡು ಪಾನಾ ನಂಬರ್ ಹೇಳುವುದು, ಕಾಕಾ ತೋರಿಸುವುದು, ಬಗ್ಗುವುದು ಉಳಿದವರು.

ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆದೆವು. ಇಂಜಿನ್ ಪೂರ್ತಿ ತಣ್ಣಗಿರುವಾಗ ಕೆಳಗಿನಿಂದ ನೀರು ಇಳಿಸಿದೆವು. ಇಟ್ಟಂಗಿ ಬಣ್ಣದ ನೀರು ಬಂತು. ರೇಡಿಯೇಟರ್ ಬಿಚ್ಚಿ ಪಕ್ಕಕ್ಕಿಟ್ಟರೆ ಕೈಯಾಡಲು ಜಾಗ ಆಗುತ್ತದೆ. ಆಮೇಲೆ ಬೆಲ್ಟು, ಫ್ಯಾನು, ಪುಲ್ಲಿ, ಕೊನೆಗೆ ಪಂಪು. ಪಂಪಿನ ಬೋಲ್ಟುಗಳು ಒಂದೇ ಉದ್ದದವಲ್ಲ. ಉದ್ದನೆಯದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗೆ ಒಡೆಯುತ್ತದೆ. ಕಾಕಾ ಒಂದು ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ತೂತು ಮಾಡಿ, ತೆಗೆದ ಬೋಲ್ಟನ್ನು ಅದರದರ ತೂತಿಗೆ ಸಿಕ್ಕಿಸಿದರು. ಡಿಪ್ಲೊಮಾ ಓದುವಾಗ ಹೇಳಿಕೊಟ್ಟ ಯಾವ ಟಿಪ್ಪಣಿಗಿಂತಲೂ ಆ ರಟ್ಟು ಚೆನ್ನಾಗಿತ್ತು.

ಕೆಳಗಿನ ಒಂದು ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಪಾನಾಕ್ಕೆ ಪೈಪು ಹಾಕಿ ಎಳೆಯಲು ಹೊರಟಾಗ ಕಾಕಾ ಕೈ ಹಿಡಿದರು. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ತಲೆಯ ಮೇಲೆ ಸಣ್ಣಗೆ ಬಡಿದು, ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಕಿರ್ ಅಂತ ಬಿಟ್ಟಿತು. ಅವಸರ ಮಾಡಿದ್ದರೆ ತುಂಡಾಗುತ್ತಿತ್ತು.

ಹಳೆ ಪಂಪು ಕೈಗೆ ಬಂದಾಗ ಮೂವರೂ ಸುಮ್ಮನಾದೆವು. ರೆಕ್ಕೆಗಳು ತುಕ್ಕು ತಿಂದು ಎಲೆಯ ಹಾಗೆ ತೆಳ್ಳಗಾಗಿದ್ದವು. ಅದರ ಹಿಂದೆ ಬೆರಳ ಉಗುರಿನಷ್ಟು ದಪ್ಪ ಬಿಳಿ ಹಕ್ಕಳೆ. ಥರ್ಮೋಸ್ಟಾಟ್ ಇರಬೇಕಾದ ಜಾಗವೂ ಖಾಲಿ. ಬಿಸಿಲು ಸೀಮೆ ಅಂತ ಯಾವಾಗಲೋ ಯಾರೋ ತೆಗೆದು ಎಸೆದಿದ್ದರು. ಇದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅದಿಲ್ಲದಿದ್ದರೆ ಇಂಜಿನ್ ಬೇಗ ಕಾವಿಗೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ತಿನ್ನುತ್ತದೆ. ಹೊಸದೊಂದು ತಂದು ಹಾಕಿದೆವು. ರೇಡಿಯೇಟರನ್ನು ಶಹಾಬಾದಿನ ರಿಪೇರಿಯವರು ಮೇಲಿನ ಟ್ಯಾಂಕು ಬಿಚ್ಚಿ, ಒಂದೊಂದೇ ನಳಿಗೆಗೆ ಸಲಾಕಿ ಆಡಿಸಿ ಬಿಡಿಸಿಕೊಟ್ಟರು.

ಹಳೆ ಗ್ಯಾಸ್ಕೆಟ್ ಕೆರೆದು ತೆಗೆಯುವುದೇ ಎಲ್ಲಕ್ಕಿಂತ ಬೇಸರದ ಕೆಲಸ. ಒಂದೂವರೆ ತಾಸು ಹಿಡಿಯಿತು. ಚೂರು ಉಳಿದರೂ ಸೋರುತ್ತದೆ, ಜೋರಾಗಿ ಕೆರೆದರೆ ಲೋಹಕ್ಕೆ ಗೀರು ಬಿದ್ದು ಸೋರುತ್ತದೆ. ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಹೋಸ್ ಪೈಪು, ಬೆಲ್ಟು ಹೇಗೂ ಬಿಚ್ಚಿದ್ದವು, ಹೊಸವೇ ಹಾಕಿದೆವು. ಕೂಲಂಟ್ ಒಂದು ಪಾಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಪಾಲು ಬೆರೆಸಿ ಸುರಿದೆವು.

ಆಗಲೇ ಕೆಳಗಿನ ಪೈಪಿನ ಕ್ಲಿಪ್ಪು ಸಡಿಲಾಗಿ ಹಸಿರು ನೀರು ಅವ್ವನ ಪರಾತಕ್ಕೆ ಸುರಿಯತೊಡಗಿತು. ನಾವು ಗಾಡಿಯ ಕೆಳಗೆ ಕ್ಲಿಪ್ಪು ಬಿಗಿಯುತ್ತಿದ್ದೇವೆ, ಪಕ್ಕದ ಮನೆಯ ಆಡು ಬಂದು ಪರಾತಕ್ಕೆ ಮೂತಿ ಹಾಕುತ್ತಿದೆ. ತಮ್ಮ ಒಂದೇ ಕೈಯಲ್ಲಿ ಅದರ ಕೊಂಬು ಹಿಡಿದ. ಕೂಲಂಟ್ ಸಿಹಿ ಇರುತ್ತದೆ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ಆಡು, ಕರು, ಮಕ್ಕಳು ಯಾರ ಕೈಗೂ ಬಾಯಿಗೂ ಸಿಗಬಾರದು. ಆ ಪರಾತ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಮುಚ್ಚಳ ತೆರೆದೇ ಇಟ್ಟು, ತಣ್ಣನೆ ಇಂಜಿನ್ ಚಾಲೂ ಮಾಡಿದೆವು. ಒಳಗಿನ ಗಾಳಿ ಗುಳ್ಳೆಯಾಗಿ ಬಂತು. ಮಟ್ಟ ಇಳಿದಂತೆ ಸುರಿದೆವು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೇಲಿನ ಪೈಪು ಬೆಚ್ಚಗಾಯಿತು, ಅಂದರೆ ಥರ್ಮೋಸ್ಟಾಟ್ ತೆರೆದಿದೆ. ಮುಳ್ಳು ನಡುಮಧ್ಯೆ ಬಂದು ನಿಂತಿತು. ಕಾಕಾ ಕಿವಿಗೊಟ್ಟು ಕೇಳಿ, "ಹ್ಞಾಂ, ಈಗ ಉಸಿರಾಡ್ಲತ್ತದ" ಅಂದು ಚಹಾ ಕೇಳಿದರು.

ಲೆಕ್ಕ ಹೇಳುತ್ತೇವೆ. ಪಂಪು 2,200, ಥರ್ಮೋಸ್ಟಾಟ್, ಗ್ಯಾಸ್ಕೆಟ್, ಪೈಪು, ಬೆಲ್ಟಿಗೆ 1,250, ರೇಡಿಯೇಟರಿಗೆ 800, ಕೂಲಂಟ್ ಮತ್ತು ನೀರಿಗೆ 850. ಒಟ್ಟು 5,100 ರೂಪಾಯಿ. ಗ್ಯಾರೇಜಿಗಿಂತ ಉಳಿಯಿತು. ಆದರೆ ತಮ್ಮ ಹದಿನೆಂಟು ದಿನ ಕೆಲಸಕ್ಕೆ ಹೋಗಲಿಲ್ಲ. ಅವನ ಕೂಲಿ, ಮುಲಾಮಿನ ಖರ್ಚು ಸೇರಿಸಿದರೆ ಉಳಿತಾಯ ಎಲ್ಲಿ ಬಂತು? ಒಂದು ತಿಂಗಳು ಮೊದಲೇ ಆ ಹನಿ ನೋಡಿ ಬಗ್ಗಿದ್ದರೆ 5,100ಕ್ಕೇ ಮುಗಿಯುತ್ತಿತ್ತು.

ನೀವು ಗಾಡಿ ಇಟ್ಟುಕೊಂಡಿದ್ದರೆ ಇಷ್ಟು ನೆನಪಿಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಕೆಳಗೆ ಒದ್ದೆ ಇದೆಯಾ ನೋಡಿ. ಇಂಜಿನ್ ಬಂದ್ ಇದ್ದಾಗ ಫ್ಯಾನ್ ಅಲ್ಲಾಡಿಸಿ ನೋಡಿ. ಗಾಡಿ ಕುದಿದರೆ ನಿಲ್ಲಿಸಿ, ಕಮ್ಮಿ ಅಂದರೂ ಅರ್ಧ ತಾಸು ಮುಚ್ಚಳ ಮುಟ್ಟಬೇಡಿ, ಮೇಲಿನ ಪೈಪು ಮುಟ್ಟಿದರೆ ತಣ್ಣಗಿರಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಸೀಳು ಬಿಡಬಹುದು. ದಾರಿಯಲ್ಲಿ ಬೇರೇನೂ ಸಿಗದಿದ್ದರೆ ತಣ್ಣಗಾದ ಮೇಲೆ ಬೋರಿನ ನೀರನ್ನೇ ಹಾಕಿ ಊರು ಸೇರಿ, ಆದರೆ ಆಮೇಲೆ ಇಳಿಸಿ ಸರಿಯಾದದ್ದು ತುಂಬಿ. ಕೆಲವು ಹೊಸ ಕಾರುಗಳಲ್ಲಿ ಟೈಮಿಂಗ್ ಬೆಲ್ಟೇ ಪಂಪು ತಿರುಗಿಸುತ್ತದೆ, ಅವನ್ನು ಮನೆಯಲ್ಲಿ ಬಿಚ್ಚಬೇಡಿ.

ಜೂನ್ ಕೊನೆಗೆ ಮತ್ತೆ ಚಿಂಚೋಳಿಗೆ ಹೋದೆವು. ಬೇವಿನ ಗಿಡ ಬಂದಾಗ ಯಾರೂ ಮಾತಾಡಲಿಲ್ಲ. ಮುಳ್ಳು ನಡುವೆಯೇ ಇತ್ತು. ಅವ್ವ ಹೊಲಿಸಿದ್ದ ಕುಂಚಗಿ ಅಷ್ಟರಲ್ಲಿ ಕೂಸಿನ ತಲೆಗೆ ಸಣ್ಣದಾಗಿತ್ತು. ಹೊರಡುವಾಗ ಮಾವ ಗಾಡಿಗೆ ಹಾಕಲಿ ಅಂತ ಬೋರಿನ ನೀರು ಕೊಡ ತುಂಬಿ ತಂದರು. ನಾವು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು:

"ಬ್ಯಾಡ ತಮ್ಮಾ, ಅದು ನಮಗ ಕುಡೀಲಾಕ ಕೊಡು. ಗಾಡಿಗಿ ಡಬ್ಬಿ ನೀರು ಅದಾವ."